ಅಂಧೇರಿಯ ರಾತ್ರಿ, ಕೂಪರೇಜ್‌ನ ಸಂಜೆ: ಮುಂಬೈಯಿಂದ ಬೆಂಗಳೂರಿಗೆ ಬಂದ ಕಪ್‌ಗಳ ಕಥೆ

ನಿಮಗೆ ಫುಟ್ಬಾಲ್ ಹುಚ್ಚು ಇದ್ದರೆ 2019ರ ಮಾರ್ಚ್ 17 ಅಂದ ಕೂಡಲೇ ಏನೋ ನೆನಪಾಗಬೇಕು. ನೆನಪಾಗದಿದ್ದರೂ ಚಿಂತೆಯಿಲ್ಲ, ಹೇಳ್ತೇನೆ ಕೇಳಿ.

ಅದೊಂದು ಭಾನುವಾರ. ಮುಂಬೈಯ ಅಂಧೇರಿಯಲ್ಲಿರುವ ಫುಟ್ಬಾಲ್ ಅರೀನಾದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಫೈನಲ್ ಪಂದ್ಯ. ಒಂದು ಕಡೆ ಬೆಂಗಳೂರು ಎಫ್‌ಸಿ, ಇನ್ನೊಂದು ಕಡೆ ಎಫ್‌ಸಿ ಗೋವಾ. ಆಜಾದ್ ನಗರ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಮೈದಾನ ಅದು. ದೊಡ್ಡದೇನಲ್ಲ, ಏಳೆಂಟು ಸಾವಿರ ಜನ ಕೂತರೆ ತುಂಬಿಹೋಗುತ್ತದೆ. ಆದರೆ ಗ್ಯಾಲರಿಗಳು ಅಂಕಣಕ್ಕೆ ಎಷ್ಟು ಹತ್ತಿರವೆಂದರೆ ಆಟಗಾರ ಚೆಂಡು ಒದೆಯುವ ಸದ್ದು ಮುಂದಿನ ಸಾಲಿನವರ ಕಿವಿಗೆ ಬೀಳುತ್ತದೆ. ಹೊನಲು ಬೆಳಕು ಹುಲ್ಲಿನ ಮೇಲೆ ಬಿದ್ದಾಗ ಅಷ್ಟೂ ಹಸಿರು ಹಗಲಿಗಿಂತ ಹೆಚ್ಚು ಹೊಳೆಯುತ್ತದೆ.

ಬೆಂಗಳೂರಿನ ಅಭಿಮಾನಿಗಳಿಗೆ ಆ ದಿನಾಂಕವೇ ಒಂದು ಹಳೆಯ ಗಾಯ. ಸರಿಯಾಗಿ ಒಂದು ವರ್ಷದ ಹಿಂದೆ, 2018ರ ಮಾರ್ಚ್ 17ರಂದು, ತಮ್ಮದೇ ಕಂಠೀರವ ಕ್ರೀಡಾಂಗಣದಲ್ಲಿ, ತಮ್ಮದೇ ಜನರ ಮುಂದೆ, ಚೆನ್ನೈಯಿನ್ ಎಫ್‌ಸಿ ಎದುರು 2-3ರಿಂದ ಫೈನಲ್ ಸೋತಿದ್ದರು. ಈಗ ಅದೇ ತಾರೀಕು, ಮತ್ತೆ ಫೈನಲ್. ತೊಂಬತ್ತು ನಿಮಿಷ ಆಡಿದರೂ ಗೋಲಿಲ್ಲ. ಹೆಚ್ಚುವರಿ ಆಟ ಶುರುವಾಯಿತು. ಅದರ ಮೊದಲ ಭಾಗ ಮುಗಿಯುವ ಹೊತ್ತಿಗೆ ಗೋವಾದ ಮೊರಾಕ್ಕೊ ಆಟಗಾರ ಅಹ್ಮದ್ ಜಾಹೂ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. ಹತ್ತೇ ಜನ ಉಳಿದರೂ ಗೋವಾ ಬಗ್ಗಲಿಲ್ಲ. ಇನ್ನೇನು ಪೆನಾಲ್ಟಿ ಶೂಟೌಟ್‌ಗೇ ಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡಿರುವಾಗ, 117ನೇ ನಿಮಿಷದಲ್ಲಿ ದಿಮಾಸ್ ಡೆಲ್ಗಾಡೊ ಕಾರ್ನರ್ ಕಿಕ್ ಒದ್ದರು. ರಾಹುಲ್ ಭೇಕೆ ಜಿಗಿದು ತಲೆ ಕೊಟ್ಟರು. ಗೋಲು! 1-0. ಬೆಂಗಳೂರು ಗೆದ್ದಿತು. ಗೋಲು ಹೊಡೆದ ಭೇಕೆ ಯಾರು ಗೊತ್ತೇ? ಮುಂಬೈಯಲ್ಲೇ ಹುಟ್ಟಿದ ಹುಡುಗ. ತನ್ನೂರಿನ ಮೈದಾನದಲ್ಲಿ ಬೆಂಗಳೂರಿಗೆ ಕಪ್ ಗೆದ್ದುಕೊಟ್ಟ.

ಅಲ್ಲಿ ಇದ್ದವರನ್ನು ಮಾತಾಡಿಸಿ ನೋಡಿ. ಎಲ್ಲಿ ಕೂತಿದ್ದೆ, ಪಕ್ಕದಲ್ಲಿ ಯಾರಿದ್ದರು, ಗುರುತೇ ಇಲ್ಲದವರನ್ನು ಹೇಗೆ ತಬ್ಬಿಕೊಂಡೆ ಎಂದು ಒಂದೊಂದನ್ನೂ ಬಿಡಿಸಿ ಹೇಳ್ತಾರೆ. ಮರೆತದ್ದೇನಾದರೂ ಇದ್ದರೆ ಮೊಬೈಲಿನಲ್ಲಿ ವಿಡಿಯೊ ಇದೆ. ಆ ರಾತ್ರಿ ಎಲ್ಲಿಗೂ ಹೋಗುವುದಿಲ್ಲ.

ಈಗ ನಿಮಗೊಂದು ಪ್ರಶ್ನೆ. ಬೆಂಗಳೂರಿನ ತಂಡವೊಂದು ಮುಂಬೈಗೆ ಹೋಗಿ, ದೇಶವೇ ನೋಡುವಂಥ ಕಪ್ ಗೆದ್ದುಕೊಂಡು ಬಂದದ್ದು ಅದೇ ಮೊದಲೇ?

ಹೌದು ಅಂದಿರಾ? ಹಾಗಿದ್ದರೆ ನನ್ನ ಜೊತೆ ಅಂಧೇರಿಯಲ್ಲಿ ಲೋಕಲ್ ರೈಲು ಹತ್ತಿ. ಕೊನೆಯ ನಿಲ್ದಾಣ ಚರ್ಚ್‌ಗೇಟ್‌ನಲ್ಲಿ ಇಳಿಯೋಣ. ಓವಲ್ ಮೈದಾನದ ಬದಿ ಹಿಡಿದು ಮಂತ್ರಾಲಯದ ದಿಕ್ಕಿಗೆ ಸ್ವಲ್ಪ ನಡೆದರೆ ಕೂಪರೇಜ್ ಸಿಗುತ್ತದೆ. ಹಿಂದೆ ಅಲ್ಲಿ ಪೀಪಾಯಿ ಮಾಡುವ ಕಾರ್ಖಾನೆ ಇತ್ತು, ಅದಕ್ಕೇ ಆ ಹೆಸರು. ನಮ್ಮ ಕಥೆ ನಿಜವಾಗಿ ಶುರುವಾಗುವುದು ಅಲ್ಲಿ.

ಪಲ್ಟಣಗಳ ಕಪ್

ಬ್ರಿಟಿಷರು ಈ ದೇಶದಲ್ಲಿ ಫುಟ್ಬಾಲನ್ನು ಹರಡಿದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ಮನೆಯಿಂದ ದೂರವಿದ್ದ ಸೈನಿಕರಿಗೆ ಸಂಜೆ ಹೊತ್ತು ಮೈ ಬಗ್ಗಿಸಲು ಏನಾದರೂ ಬೇಕಿತ್ತು. 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್ ಆರಂಭವಾಯಿತು. ಅದರ ಬೆನ್ನಿಗೇ ಬೊಂಬಾಯಿಯಲ್ಲಿ ರೋವರ್ಸ್ ಕಪ್. 1891ರಲ್ಲಿ ಅದನ್ನು ಮೊದಲು ಗೆದ್ದದ್ದು ವೂಸ್ಟರ್‌ಶೈರ್ ರೆಜಿಮೆಂಟ್‌ನ ಮೊದಲ ಪಡೆ. ಅಲ್ಲಿಂದ ಮುಂದೆ ವರ್ಷ ವರ್ಷವೂ ಅದೇ ಕಥೆ: ಈ ಪಲ್ಟಣ ಹೋಗಿ ಆ ಪಲ್ಟಣ. ಕಪ್ ಬ್ರಿಟಿಷ್ ಬ್ಯಾರಕ್‌ಗಳಿಂದ ಹೊರಗೆ ಕಾಲಿಡಲಿಲ್ಲ.

1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದನ್ನು ನೀವು ಓದಿಯೇ ಇರುತ್ತೀರಿ. ಆಳುವವರನ್ನೂ ಸೋಲಿಸಬಹುದು ಎಂದು ಜನರಿಗೆ ಕಣ್ಣಾರೆ ಕಂಡ ದಿನ ಅದು. ಅದೇ ಮೋಹನ್ ಬಗಾನ್ 1923ರಲ್ಲಿ ರೋವರ್ಸ್ ಕಪ್ ಆಡಲು ಬೊಂಬಾಯಿಗೆ ಬಂದಿತು. ಫೈನಲ್‌ವರೆಗೂ ಹೋಯಿತು. ಅಲ್ಲಿ ಡರ್ಹಾಮ್ ಲೈಟ್ ಇನ್‌ಫೆಂಟ್ರಿ ಎದುರು 1-4ರಿಂದ ಸೋತಿತು.

ಮುಂದೆ 1934ರಿಂದ 1938ರವರೆಗೆ ಕಲ್ಕತ್ತೆಯಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್‌ನ ಕಾಲ. ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದಿತು. ಆ ಲೀಗನ್ನು ಗೆದ್ದ ಮೊದಲ ಭಾರತೀಯ ತಂಡವೇ ಅದು. 1936ರಲ್ಲಿ ಐಎಫ್‌ಎ ಶೀಲ್ಡನ್ನೂ ಎತ್ತಿತು. ದೇಶದ ಮೂಲೆ ಮೂಲೆಯಿಂದ ಒಳ್ಳೆಯ ಆಟಗಾರರನ್ನು ಹುಡುಕಿ ತರುವುದು ಆ ಕ್ಲಬ್‌ನ ಬಲ. ಹಾಗೆ ಹುಡುಕುತ್ತಾ ಅವರು ಬಂದ ಊರುಗಳಲ್ಲಿ ಬೆಂಗಳೂರೂ ಒಂದು.

ಬೆಂಗಳೂರೇ ಯಾಕೆ ಎಂದು ಕೇಳಬಹುದು. 1809ರಿಂದ ಇಲ್ಲಿ ಬ್ರಿಟಿಷ್ ದಂಡು ಬೀಡುಬಿಟ್ಟಿತ್ತು. ದಂಡಿನ ಸುತ್ತ ಬೆಳೆದ ಬಡಾವಣೆಗಳಲ್ಲಿ ಉರ್ದು, ತಮಿಳು, ಕನ್ನಡ, ತೆಲುಗು ಮಾತಾಡುವ ಬಡ ಕುಟುಂಬಗಳು ನೆಲೆನಿಂತಿದ್ದವು. ಸೈನಿಕರು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ಹುಡುಗರು ಬಯಲಿನಲ್ಲಿ ಬರಿಗಾಲಲ್ಲೇ ಆಡಲು ಕಲಿತರು. ಇವತ್ತಿಗೂ ಶಿವಾಜಿನಗರ, ಆಸ್ಟಿನ್ ಟೌನ್, ಹಲಸೂರಿನ ಗೌತಮಪುರದ ಗಲ್ಲಿಗಳಲ್ಲಿ ಫುಟ್ಬಾಲ್ ಮಾತೇ ಬೇರೆ. ಗೌತಮಪುರದಲ್ಲಂತೂ ಪೆಲೆಯ ಪ್ರತಿಮೆಯೇ ಇದೆ!

ಈ ದಂಡಿನ ಬೆಂಗಳೂರಿನಿಂದ ಎದ್ದು ಬಂದ ತಂಡದ ಹೆಸರು ಬ್ಯಾಂಗಲೋರ್ ಮುಸ್ಲಿಮ್ಸ್.

1937: ಬೀಗ ಮುರಿದವರು

1937ರ ರೋವರ್ಸ್ ಕಪ್ ಫೈನಲ್. ಆ ಕಾಲಕ್ಕೆ ಹೊನಲು ಬೆಳಕು ಎಲ್ಲಿಂದ ಬರಬೇಕು? ಬೆಳಕಿರುವಾಗಲೇ ಶುರುಮಾಡಿ ಸೂರ್ಯ ಮುಳುಗುವ ಮುಂಚೆ ಆಟ ಮುಗಿಸಬೇಕು. ಒಂದು ಕಡೆ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. ಸೋಲೆಂದರೇನೆಂದು ಮರೆತಿದ್ದ ತಂಡ, ದೇಶದ ತುಂಬ ಅಭಿಮಾನಿಗಳು. ಇನ್ನೊಂದು ಕಡೆ ನಮ್ಮ ಬೆಂಗಳೂರಿನ ಹುಡುಗರು.

ಒಮ್ಮೆ ಯೋಚಿಸಿ. ಬೆಂಗಳೂರಿನಿಂದ ಬೊಂಬಾಯಿಗೆ ಆಗ ನೇರ ರೈಲೂ ಇಲ್ಲ. ಮೀಟರ್ ಗೇಜ್ ಗಾಡಿಯಲ್ಲಿ ಬಂದು, ದಾರಿಯಲ್ಲಿ ಇಳಿದು, ಗಂಟುಮೂಟೆ ಹೊತ್ತು ಬ್ರಾಡ್ ಗೇಜ್ ಗಾಡಿ ಹತ್ತಬೇಕು. ಇಂದಿನ ಹಾಗೆ ವಿಮಾನ, ಪಂಚತಾರಾ ಹೋಟೆಲ್, ಫಿಸಿಯೊ ಯಾವುದೂ ಇಲ್ಲ.

ಫಲಿತಾಂಶ: ಬ್ಯಾಂಗಲೋರ್ ಮುಸ್ಲಿಮ್ಸ್ 1, ಮೊಹಮ್ಮಡನ್ ಸ್ಪೋರ್ಟಿಂಗ್ 0.

ಒಂದೇ ಗೋಲು. ಆದರೆ ಆ ಗೋಲಿನ ತೂಕ ನೋಡಿ. ಸುಮಾರು ಅರ್ಧ ಶತಮಾನದಿಂದ ಬ್ರಿಟಿಷ್ ಪಲ್ಟಣಗಳ ಕೈಯಲ್ಲಿದ್ದ ರೋವರ್ಸ್ ಕಪ್ ಮೊದಲ ಬಾರಿಗೆ ಭಾರತೀಯ ನಾಗರಿಕರ ತಂಡವೊಂದರ ಕೈಗೆ ಬಂದಿತು. 1923ರಲ್ಲಿ ಮೋಹನ್ ಬಗಾನ್‌ಗೆ ಆಗದ್ದನ್ನು ಬೆಂಗಳೂರು ಮಾಡಿತು.

ಇದರಲ್ಲೊಂದು ಕೊಂಕು ತೆಗೆಯುವವರು ಇರಬಹುದು. "ಫೈನಲ್‌ನಲ್ಲಿ ಎದುರಿದ್ದದ್ದೂ ಭಾರತೀಯ ತಂಡವೇ ತಾನೆ? ಬ್ರಿಟಿಷರನ್ನು ಸೋಲಿಸಿದ ಹಾಗೆ ಹೇಗಾಯ್ತು?" ಅದಕ್ಕೆ ಉತ್ತರ ಮರುವರ್ಷವೇ ಸಿಕ್ಕಿತು. 1938ರ ಫೈನಲ್‌ನಲ್ಲಿ ಎದುರಾದದ್ದು ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್, ಸ್ಕಾಟ್ಲೆಂಡಿನ ಹೆಸರಾಂತ ರೆಜಿಮೆಂಟ್. ಬ್ಯಾಂಗಲೋರ್ ಮುಸ್ಲಿಮ್ಸ್ ಅವರನ್ನು 3-2ರಿಂದ ಸೋಲಿಸಿತು. ಸತತ ಎರಡನೇ ಕಪ್. ಈಗ ಯಾರೂ ಕೊಂಕು ಮಾತಾಡುವ ಹಾಗಿರಲಿಲ್ಲ.

1940ರಲ್ಲಿ ಮತ್ತೆ ಅದೇ ಎರಡು ತಂಡಗಳು ಫೈನಲ್‌ನಲ್ಲಿ ಎದುರಾದವು. ಈ ಸಲ ಮೊಹಮ್ಮಡನ್ ಸ್ಪೋರ್ಟಿಂಗ್ 1-0ರಿಂದ ಗೆದ್ದು ಲೆಕ್ಕ ಚುಕ್ತಾ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದಿಲ್ಲಿಯಲ್ಲಿ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದ ಮೊದಲ ಭಾರತೀಯ ತಂಡವೂ ಅದೇ ಆಯಿತು. ನಾಲ್ಕು ವರ್ಷದಲ್ಲಿ ಮೂರು ಬಾರಿ ಫೈನಲ್‌ಗೆ ಬಂದು, ಎರಡು ಬಾರಿ ಕಪ್ ಗೆದ್ದು, ಮೂರನೆಯ ಸಲ ಅಂಥ ತಂಡಕ್ಕೆ ಒಂದೇ ಗೋಲಿನಿಂದ ಸೋಲುವುದು ಅಂದರೆ ಬೆಂಗಳೂರಿನ ಆಟ ಎಂಥದ್ದಿರಬೇಕು, ನೀವೇ ಹೇಳಿ.

ಹೆಸರಿನ ಪ್ರಶ್ನೆ

ಇಲ್ಲಿ ಒಂದು ಕಷ್ಟದ ಮಾತನ್ನು ಮುಚ್ಚಿಡದೆ ಆಡೋಣ. ತಂಡದ ಹೆಸರಿನಲ್ಲೇ ಧರ್ಮ ಇದೆಯಲ್ಲ, ಇದು ಸರಿಯೇ? ಇವತ್ತಿನ ಕಾಲೇಜು ವಿದ್ಯಾರ್ಥಿ ಕೇಳಿಯೇ ಕೇಳ್ತಾನೆ. ಕೇಳಬೇಕು ಕೂಡ.

ಆ ಕಾಲದ ಬೊಂಬಾಯಿಯನ್ನು ನೋಡಿ. ಅಲ್ಲಿನ ಕ್ರಿಕೆಟ್ ಹಬ್ಬವೇ ಧರ್ಮದ ಲೆಕ್ಕದಲ್ಲಿ ನಡೆಯುತ್ತಿತ್ತು. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು ಆಡುತ್ತಿದ್ದ ಪಂದ್ಯಾವಳಿಗೆ 1912ರಲ್ಲಿ ಮುಸ್ಲಿಮರ ತಂಡ ಸೇರಿತು. 1937ರಲ್ಲಿ, ಅಂದರೆ ನಮ್ಮವರು ರೋವರ್ಸ್ ಕಪ್ ಗೆದ್ದ ವರ್ಷವೇ, ಉಳಿದ ಭಾರತೀಯರಿಗಾಗಿ 'ರೆಸ್ಟ್' ಎಂಬ ಐದನೇ ತಂಡವೂ ಸೇರಿ ಅದು ಪೆಂಟಾಂಗ್ಯುಲರ್ ಆಯಿತು. ಜಿಮ್‌ಖಾನಾಗಳೂ ಹಾಗೆಯೇ: ಪಾರ್ಸಿ ಜಿಮ್‌ಖಾನಾ, ಹಿಂದೂ ಜಿಮ್‌ಖಾನಾ, ಇಸ್ಲಾಂ ಜಿಮ್‌ಖಾನಾ. ಬ್ರಿಟಿಷ್ ಆಡಳಿತ ಜನರನ್ನು ಎಣಿಸಿದ್ದೂ, ಜಾಗ ಹಂಚಿದ್ದೂ ಸಮುದಾಯದ ಹೆಸರಿನಲ್ಲೇ. ಆಟಕ್ಕೆ ಜಾಗ ಬೇಕು, ಚೆಂಡಿಗೆ ದುಡ್ಡು ಬೇಕು, ರೈಲಿಗೆ ಟಿಕೆಟ್ ಬೇಕು. ಇದನ್ನೆಲ್ಲ ಹೊಂದಿಸಲು ಬಡ ಹುಡುಗರಿಗೆ ಆಗ ಹತ್ತಿರವಿದ್ದ ಆಸರೆ ಸಮುದಾಯವೇ.

ಆದರೆ ಅದರ ಅಪಾಯವನ್ನು ಆಗಲೇ ಕಂಡವರೂ ಇದ್ದರು. 1940ರ ಡಿಸೆಂಬರ್‌ನಲ್ಲಿ ಗಾಂಧೀಜಿ ಧರ್ಮದ ಆಧಾರದ ಕ್ರಿಕೆಟ್ ಪಂದ್ಯಗಳನ್ನು ತಾವು ಒಪ್ಪುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. 1946ರಲ್ಲಿ ಪೆಂಟಾಂಗ್ಯುಲರ್ ಕೊನೆಗೊಂಡಿತು. ಅದು ನಿಂತದ್ದು ಒಳ್ಳೆಯದೇ ಆಯಿತು ಎನ್ನುವವರಲ್ಲಿ ನಾನೂ ಒಬ್ಬ.

ಹಾಗಾದರೆ ಬ್ಯಾಂಗಲೋರ್ ಮುಸ್ಲಿಮ್ಸ್ ಗೆಲುವಿಗೆ ನಾವು ಹೆಮ್ಮೆ ಪಡಬಾರದೇ? ಪಡಬೇಕು. ಪೆಂಟಾಂಗ್ಯುಲರ್‌ನ ಏರ್ಪಾಡೇ ಒಂದು ಧರ್ಮದವರನ್ನು ಇನ್ನೊಂದು ಧರ್ಮದವರ ಎದುರು ನಿಲ್ಲಿಸುವುದು. ರೋವರ್ಸ್ ಕಪ್ ಹಾಗಲ್ಲ. ಅಲ್ಲಿ ಪಲ್ಟಣದ ತಂಡ, ಊರಿನ ತಂಡ, ಕ್ಲಬ್ಬಿನ ತಂಡ ಎಲ್ಲವೂ ಒಂದೇ ಕಪ್ಪಿಗೆ ಸೆಣಸುತ್ತಿದ್ದವು. ಇನ್ನೊಂದು ಮಾತು ಗಮನಿಸಿ. ಆ ಹೆಸರಿನಲ್ಲಿ ಎರಡು ಪದ ಇವೆ. 'ಮುಸ್ಲಿಮ್ಸ್' ಎಂಬುದನ್ನು ಮಾತ್ರ ಓದಿ 'ಬ್ಯಾಂಗಲೋರ್' ಎಂಬುದನ್ನು ಬಿಟ್ಟರೆ ಅದು ಅರ್ಧ ಓದು. ಬೊಂಬಾಯಿಯಲ್ಲಿ ಕಪ್ ಎತ್ತಿದಾಗ ಕೇಳಿಬಂದದ್ದು ಬೆಂಗಳೂರಿನ ಹೆಸರು. ಅದು ಸಮುದಾಯದ ಸ್ವತ್ತು ಎಷ್ಟೋ, ಊರಿನ ಸ್ವತ್ತೂ ಅಷ್ಟೇ. ನಾವು ಅದನ್ನು ನಮ್ಮಷ್ಟಕ್ಕೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೂ ತಪ್ಪು, ಊರು ಅದನ್ನು ಮರೆತರೂ ತಪ್ಪು.

1948: ಇನ್ನೊಂದು ಸಲ

ಈ ಕಥೆಯಲ್ಲಿ ನನ್ನನ್ನು ಬಹಳ ಕಾಡುವ ವರ್ಷ 1937 ಅಲ್ಲ, 1948. ದೇಶ ಎರಡಾದ ಮರುವರ್ಷ. ಲಕ್ಷಾಂತರ ಜನ ಮನೆಮಠ ಕಳೆದುಕೊಂಡಿದ್ದರು. ಜನವರಿಯಲ್ಲಿ ಗಾಂಧೀಜಿಯ ಹತ್ಯೆಯಾಗಿತ್ತು. ಇಲ್ಲೇ ಉಳಿದ ಮುಸ್ಲಿಮರಿಗೆ ಹೆಜ್ಜೆ ಹೆಜ್ಜೆಗೂ ಅಳುಕು. ಅಂಥ ವರ್ಷದಲ್ಲಿ ಅದೇ ಹೆಸರು ಹೊತ್ತ ತಂಡ ಮತ್ತೆ ರೋವರ್ಸ್ ಕಪ್ ಫೈನಲ್ ಆಡಿತು. ಎದುರಿಗೆ ಮೋಹನ್ ಬಗಾನ್. ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ನಾಯಕರಾಗಿದ್ದ ತಾಲಿಮೆರೆನ್ ಆವೊ ಅವರ ಕ್ಲಬ್ ಅದು. ಬ್ಯಾಂಗಲೋರ್ ಮುಸ್ಲಿಮ್ಸ್ 1-0ರಿಂದ ಗೆದ್ದಿತು. ಸ್ವತಂತ್ರ ಭಾರತದ ಮೊದಲ ವರ್ಷಗಳ ರೋವರ್ಸ್ ಕಪ್ ಪಟ್ಟಿ ತೆರೆದು ನೋಡಿ: 1948ರ ಮುಂದೆ ಈ ಹೆಸರೇ ಇದೆ.

ಆ ಒಲಿಂಪಿಕ್ಸ್ ತಂಡದಲ್ಲಿ ನಮ್ಮ ಕಡೆಯವರು ಎಷ್ಟು ಜನ ಇದ್ದರೆಂದು ತಿಳಿದರೆ ಖುಷಿಯಾಗುತ್ತದೆ. ಬಹುತೇಕರು ಬರಿಗಾಲಲ್ಲೇ ಆಡಿದ ಆ ತಂಡ ಫ್ರಾನ್ಸ್ ಎದುರು 1-2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದದ್ದು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ಜೊತೆಯಲ್ಲಿ ಆಡಿದವರಲ್ಲಿ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್ ಕೂಡ ಒಬ್ಬರು.

ಅಹ್ಮದ್ ಖಾನರು ಫುಟ್ಬಾಲ್ ಮನೆತನದವರು. ಬ್ಯಾಂಗಲೋರ್ ಮುಸ್ಲಿಮ್ಸ್ ಪರ ಆಡಿ ಬೆಳೆದವರು. 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಅವರೂ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಅವರೂ ಸೇರಿ ಐವರ ಮುಂಪಡೆ. ಕಲ್ಕತ್ತೆಯ ಜನ ಆ ಐವರಿಗೆ ಇಟ್ಟ ಹೆಸರು ಏನು ಗೊತ್ತೇ? ಪಂಚಪಾಂಡವರು! ಅಹ್ಮದ್ ಮತ್ತು ಸಾಲೆ ಇಬ್ಬರೂ ಪಾಂಡವರೇ. ಪೂರ್ವ ಬಂಗಾಳದಿಂದ ಮನೆ ಬಿಟ್ಟು ಓಡಿಬಂದ ನಿರಾಶ್ರಿತರು ಎದೆಗವಚಿಕೊಂಡ ಕ್ಲಬ್ ಅದು. ಆ ಜನರೇ ಬೆಂಗಳೂರಿನ ಈ ಮುಸ್ಲಿಂ ಹುಡುಗನನ್ನು ಹೆಗಲ ಮೇಲೆ ಹೊತ್ತರು. 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 1-10ರಿಂದ ಸೋತಾಗ ಆ ಒಂದು ಗೋಲು ಅವರದೇ. 2017ರ ಆಗಸ್ಟ್‌ನಲ್ಲಿ, ತೊಂಬತ್ತು ವರ್ಷದವರಾಗಿ ತೀರಿಕೊಂಡರು. ಅದೇ ಸಾಲಿನಲ್ಲಿ ಬೆಂಗಳೂರು ಎಫ್‌ಸಿ ಐಎಸ್‌ಎಲ್‌ಗೆ ಕಾಲಿಟ್ಟಿತು.

ಖಾಲಿ ಗ್ಯಾಲರಿ, ತುಂಬಿದ ಗ್ಯಾಲರಿ

ರೋವರ್ಸ್ ಕಪ್ ಏನಾಯಿತು ಎಂದು ಕೇಳಬಹುದು. ಸ್ವಾತಂತ್ರ್ಯಾನಂತರವೂ ದಶಕಗಳ ಕಾಲ ಕೂಪರೇಜ್‌ಗೆ ಕಳೆ ಕೊಟ್ಟ ಆ ಪಂದ್ಯಾವಳಿ ಈ ಶತಮಾನದ ಆರಂಭದಲ್ಲೇ ನಿಂತುಹೋಯಿತು. ಕಪ್ ನಿಂತರೆ ಅದನ್ನು ನೋಡುವ ಅಭ್ಯಾಸವೂ ನಿಲ್ಲುತ್ತದೆ. 2018ರ ಜೂನ್ 1ರಂದು ಇದೇ ಅಂಧೇರಿಯ ಅರೀನಾದಲ್ಲಿ ಭಾರತ ತಂಡ ಚೈನೀಸ್ ತೈಪೆ ಎದುರು 5-0ರಿಂದ ಗೆದ್ದಾಗ ಗ್ಯಾಲರಿಯಲ್ಲಿ ಇದ್ದವರು 2,569 ಜನ. ಒಂದು ಕೋಟಿಗೂ ಮೀರಿದ ಜನ ಇರುವ ಮುಂಬೈಯಲ್ಲಿ! ಮರುದಿನ ನಾಯಕ ಸುನಿಲ್ ಛೆಟ್ರಿ ವಿಡಿಯೊ ಮಾಡಿ ಕೈಮುಗಿದರು. ಬೈಯಿರಿ, ಟೀಕಿಸಿ, ಆದರೆ ಮೈದಾನಕ್ಕೆ ಬಂದು ನೋಡಿ ಎಂಬರ್ಥದಲ್ಲಿ ಬೇಡಿಕೊಂಡರು. ಜೂನ್ 4ರಂದು ಕೆನ್ಯಾ ಎದುರು ಅವರ ನೂರನೇ ಪಂದ್ಯ. ಟಿಕೆಟ್ ಎಲ್ಲ ಖಾಲಿ. ಮೇಲಿಂದ ಜಡಿಮಳೆ. ಒಬ್ಬರೂ ಕದಲಲಿಲ್ಲ. ಭಾರತ 3-0ರಿಂದ ಗೆದ್ದಿತು.

ಅದು ರಂಜಾನ್ ತಿಂಗಳು ಎಂಬುದು ನಿಮಗೆ ನೆನಪಿದೆಯೇ? ಉಪವಾಸ ಬಿಟ್ಟು, ಮಗ್ರಿಬ್ ಮುಗಿಸಿ ಪಂದ್ಯ ನೋಡಲು ಕೂತವರು ನಮ್ಮಲ್ಲೂ ಎಷ್ಟೋ ಜನ. ಜೂನ್ 10ರಂದು ಅದೇ ಕೆನ್ಯಾವನ್ನು 2-0ರಿಂದ ಸೋಲಿಸಿ ಭಾರತ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದಿತು. ಎರಡೂ ಗೋಲು ಛೆಟ್ರಿಯದೇ. ಒಂಬತ್ತು ತಿಂಗಳ ನಂತರ ಅದೇ ಹುಲ್ಲಿನ ಮೇಲೆ, ಅದೇ ದೀಪದ ಕೆಳಗೆ, ಅದೇ ಛೆಟ್ರಿ ಬೆಂಗಳೂರಿನ ನಾಯಕನಾಗಿ ಇನ್ನೊಂದು ಕಪ್ ಎತ್ತಿದ.

ಅಂದರೆ ಏನಾಯಿತು? ಆಟಗಾರ ಗೋಲು ಹೊಡೆಯುತ್ತಾನೆ, ಸರಿ. ಆದರೆ ಅದನ್ನು ಉಳಿಸುವವರು ನೋಡಿದವರು, ಹೇಳಿದವರು. ನೋಡುವವರೇ ಇಲ್ಲದಿದ್ದರೆ ಐದು ಗೋಲೂ ನೆನಪಾಗುವುದಿಲ್ಲ. ಹೇಳುವವರೇ ಇಲ್ಲದಿದ್ದರೆ ಅರ್ಧ ಶತಮಾನದ ಬೀಗ ಮುರಿದ ಗೋಲೂ ಕತ್ತಲಿಗೆ ಸರಿಯುತ್ತದೆ.

2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಐವತ್ತನಾಲ್ಕು ವರ್ಷಗಳ ನಂತರ ಬಂದ ಟ್ರೋಫಿ. ಹಿಂದೆ 1946ರಲ್ಲಿ, 1952ರಲ್ಲಿ, ಮತ್ತೆ ಅರವತ್ತರ ದಶಕದ ಕೊನೆಯಲ್ಲಿ ಅದನ್ನು ಗೆದ್ದಾಗ ನಮ್ಮ ತಂಡದ ಹೆಸರು ಮೈಸೂರು. ಇದೂ ಅದೇ ಬಳ್ಳಿಯ ಹೂವು. ಬೇರು ದಂಡಿನ ಬಯಲಿನಲ್ಲಿದೆ.

ಈಗ ನಿಮ್ಮ ಸರದಿ

ಈ ಲೇಖನ ಓದುವ ವಿದ್ಯಾರ್ಥಿಗಳಿಗೆ ಒಂದು ಮಾತು. ಅಂಧೇರಿಯ ರಾತ್ರಿಯನ್ನು ಕಾಯಲು ಕ್ಯಾಮೆರಾಗಳಿವೆ. ಕೂಪರೇಜ್‌ನ ಆ ಸಂಜೆಗಳನ್ನು ಕಾಯಲು ಯಾರಿದ್ದಾರೆ? 1937ರಲ್ಲಿ ಗ್ಯಾಲರಿಯಲ್ಲಿದ್ದವರು ಇವತ್ತು ಇರಲಾರರು. 1948ರ ಸುದ್ದಿ ಕೇಳಿ ಕುಣಿದ ಹುಡುಗ ಇದ್ದರೆ ಈಗ ಎಂಬತ್ತೈದು ದಾಟಿರಬೇಕು. ಶಿವಾಜಿನಗರದಲ್ಲೋ ಟ್ಯಾನರಿ ರಸ್ತೆಯಲ್ಲೋ ಮುಂಬೈಯ ನಾಗ್ಪಾಡಾದಲ್ಲೋ ಅಂಥ ಅಜ್ಜ ಒಬ್ಬರು ಇರಬಹುದು. ಹೋಗಿ ಕೂತು ಮಾತಾಡಿಸಿ. ಗೋಡೆಯ ಮೇಲಿನ ಹಳೆಯ ಗುಂಪು ಫೋಟೊದ ಹಿಂದೆ ಹೆಸರುಗಳಿವೆಯೇ ನೋಡಿ, ಇದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ತಂದೆ ಹೇಳಿದ್ದು, ಮಾವ ಹೇಳಿದ್ದು ಯಾವುದಾದರೂ ಸರಿ, ಬರೆದಿಡಿ. ತಾರೀಕು ತಪ್ಪಿದರೆ ಹಳೆಯ ಪತ್ರಿಕೆಯಲ್ಲಿ ಹುಡುಕಿ ತಿದ್ದಬಹುದು. ಹೇಳುವವರು ಹೋದರೆ ತಿದ್ದಲು ಏನೂ ಉಳಿಯುವುದಿಲ್ಲ.

ಮುಂದಿನ ಸಲ ಯಾರಾದರೂ ನಿಮ್ಮ ಎದುರು ಬೆಂಗಳೂರಿನ ಫುಟ್ಬಾಲ್ ಚರಿತ್ರೆ 2013ರಲ್ಲಿ ಬಿಎಫ್‌ಸಿಯಿಂದ ಶುರುವಾಯಿತು ಅಂದರೆ ಜಗಳ ಮಾಡಬೇಡಿ. ಒಂದು ಚಹಾ ಕುಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು 1937ರಿಂದ ಶುರುಮಾಡಿ.